ಸುರಂಗದ ದೀಪಕ್ಕೆ ಹೊರಗಿನ ನೆರಳು

ದೀಪವು ಇರುಳಿನ ಸಂಗಾತಿಯೆಂಬುದು ಲೋಕರೂಢಿ. ದೇವರ ಮುಂದಿನ ಹಣತೆಯಿಂದ ಮೊದಲ್ಗೊಂಡು ಬೀದಿಯ ಕಂಬದ ದೀಪದವರೆಗೆ ಎಲ್ಲವೂ ಸೂರ್ಯಾಸ್ತದೊಡನೆ ಬೆಳಗಿ ಸೂರ್ಯೋದಯದೊಡನೆ ನಂದತಕ್ಕವುಗಳೆಂದೇ ನಾವು ಬಗೆದಿರುತ್ತೇವೆ. ಬೆಟ್ಟದ ಒಡಲನ್ನು ಕೊರೆದು ನಿರ್ಮಿಸಿದ ವಾಹನಮಾರ್ಗದಲ್ಲಾದರೋ ಈ ರೂಢಿಯು ತಲೆಕೆಳಗಾಗಿಬಿಡುತ್ತದೆ. ನಡುರಾತ್ರಿಯಲ್ಲಿ ಅತ್ಯಲ್ಪವಾದ ಬೆಳಕಿನಿಂದಲೇ ತೃಪ್ತವಾಗುವ ಸುರಂಗವು, ವೈಶಾಖಮಾಸದ ನಿರಭ್ರವಾದ ಮಧ್ಯಾಹ್ನದಲ್ಲಿ, ಹೊರಗೆ ಬಿಸಿಲು ಧಾರಾಕಾರವಾಗಿ ಸುರಿಯುತ್ತಿರುವ ಹೊತ್ತಿನಲ್ಲಿಯೇ, ತನ್ನ ಬಾಯಿಯ ಬಳಿಯ ದೀಪಗಳೆಲ್ಲವನ್ನೂ ಪೂರ್ಣಪ್ರಭೆಯಿಂದ ಉರಿಸಬೇಕೆಂದು ಹಟ ಹಿಡಿಯುತ್ತದೆ. ಹೊರಗಿನ ಬೆಳಕು ಹೆಚ್ಚಿದಷ್ಟೂ ಒಳಗಿನ ವಿದ್ಯುತ್ತಿನ ವೆಚ್ಚವು ಹೆಚ್ಚುವ ಈ ವೈಚಿತ್ರ್ಯಕ್ಕೆ ಕಾರಣವಾವುದು, ಇದರ ನಿವಾರಣೆಗೆ ಇರುವ ಉಪಾಯಗಳಾವುವು, ಅವುಗಳಲ್ಲಿ ಮಲೆನಾಡಿಗೆ ಸಹಜವಾಗಿ ಒದಗಿಬರತಕ್ಕವು ಯಾವುವು ಎಂಬುದೇ ಈ ಲೇಖನದ ವಿಷಯ.

ಕೊಡಗಿನ ಹೆದ್ದಾರಿಗಳಲ್ಲಿ ಇಂದಿಗೂ ವಾಹನ ಸುರಂಗವೆಂಬುದೊಂದಿಲ್ಲ. ರೈಲುಹಳಿಯೂ ಆ ಜಿಲ್ಲೆಯನ್ನು ಇನ್ನೂ ಮುಟ್ಟಿಲ್ಲ. ಆದರೆ ಅದರ ಆಚೀಚೆಯ ನೆಲದಲ್ಲಿ ಸುರಂಗದ ಮಾತು ದಿನದಿಂದ ದಿನಕ್ಕೆ ಬಲಿಯುತ್ತಿದೆ. ಉತ್ತರಕ್ಕೆ, ಸಕಲೇಶಪುರದಿಂದ ಗುಂಡ್ಯದ ಕಡೆಗಿಳಿಯುವ ಶಿರಾಡಿ ಘಾಟಿಯಲ್ಲಿ ಸುರಂಗಮಾರ್ಗವನ್ನು ನಿರ್ಮಿಸಬೇಕೆಂಬ ಪ್ರಸ್ತಾವವು ಒಂದು ದಶಕಕ್ಕೂ ಮಿಗಿಲಾದ ಕಾಲದಿಂದ ಚರ್ಚೆಯಲ್ಲಿದೆ. ದಕ್ಷಿಣಕ್ಕೆ, ಕೊಡಗಿನ ಗಡಿಗೆ ಹೊಂದಿಕೊಂಡಿರುವ ವಯನಾಡಿನ ಮೇಪ್ಪಾಡಿಯನ್ನು ಕೋಳಿಕ್ಕೋಡು ಜಿಲ್ಲೆಯ ಆನಕ್ಕಾಂಪೊಯಿಲಿನೊಡನೆ ಕೂಡಿಸತಕ್ಕ, ಎಂಟು ಕಿಲೋಮೀಟರಿಗೂ ಮಿಗಿಲಾದ ಜೋಡಿ ಸುರಂಗದ ನಿರ್ಮಾಣಕ್ಕೆ 2025ರ ಆಗಸ್ಟ್ ತಿಂಗಳಿನಲ್ಲಿ ಚಾಲನೆ ದೊರೆತಿದೆ. ಪಾಲಕ್ಕಾಡ್–ತ್ರಿಶೂರುಗಳ ನಡುವಿನ ಕುದಿರಾನ್ ಬೆಟ್ಟದ ಸುರಂಗದ ಮೊದಲ ಕೊಳವೆಯು 2021ರ ಜುಲೈ 31ರಂದು ಸಂಚಾರಕ್ಕೆ ತೆರೆಯಿತು. ನಮ್ಮ ಕರಾವಳಿಯಲ್ಲಿ ಕಾರವಾರ ಮತ್ತು ಬಿಣಗಾಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66 ಈಗಾಗಲೇ ಗುಡ್ಡದ ಒಳಹೊಕ್ಕಿದೆ. ಪಶ್ಚಿಮಘಟ್ಟದ ಮಳೆಗಾಡಿನ ನಡುವೆ ಇನ್ನು ಮುಂದೆ ಬರಲಿರುವ ಸುರಂಗಗಳು ಎಂತಹ ಬಾಯಿಯನ್ನು ಪಡೆಯಬೇಕೆಂಬುದನ್ನು ಚಿಂತಿಸುವುದಕ್ಕೆ, ನೆರಳನ್ನು ಅಳೆದು ಹದಗೊಳಿಸುವುದನ್ನೇ ಕೃಷಿಯ ಪ್ರಧಾನ ವಿದ್ಯೆಯನ್ನಾಗಿ ಮಾಡಿಕೊಂಡಿರುವ ಕೊಡಗಿಗಿಂತ ಉಚಿತವಾದ ಸ್ಥಳವು ಮತ್ತೊಂದಿಲ್ಲ.

ಮೊದಲು ಕಣ್ಣಿನ ಸ್ವಭಾವವನ್ನು ತಿಳಿಯಬೇಕು. ಕುಶಾಲನಗರದ ಬಯಲಿನ ಬಿಸಿಲಿನಲ್ಲಿ ಬಂದ ವಾಹನವು ಆನೆಕಾಡಿನ ಅರಣ್ಯವನ್ನು ಹೊಕ್ಕಾಗ ಚಾಲಕನಿಗೆ ವಿಶೇಷವಾದ ತೊಂದರೆಯೇನೂ ತೋರುವುದಿಲ್ಲ. ಏಕೆಂದರೆ ಮರಗಳ ನೆರಳು ಮೊದಲು ವಿರಳವಾಗಿ, ಬರಬರುತ್ತ ನಿಬಿಡವಾಗಿ ಕವಿಯುವುದರಿಂದ ಕಣ್ಣಿಗೆ ಹೊಂದಿಕೊಳ್ಳಲು ಅವಕಾಶ ದೊರೆಯುತ್ತದೆ. ಸುರಂಗವು ಇಂತಹ ಅವಕಾಶವನ್ನು ಕೊಡದು. ಪ್ರಕಾಶದಿಂದ ಕತ್ತಲೆಗೆ ಹೊರಳುವಾಗ ಕಣ್ಣಿನ ಪಾಪೆಯು ಎರಡು ಮಿಲಿಮೀಟರಿನಿಂದ ಎಂಟು ಮಿಲಿಮೀಟರಿನವರೆಗೆ ಹಿಗ್ಗಬಲ್ಲುದಾದರೂ ಅದರಿಂದ ಒಳಬರುವ ಬೆಳಕು ಹದಿನಾರು ಪಟ್ಟು ಹೆಚ್ಚೀತೇ ಹೊರತು, ಹೊರಗಿನ ಬಿಸಿಲಿಗೂ ಒಳಗಿನ ಕತ್ತಲಿಗೂ ಇರುವ ಸಾವಿರಾರು ಪಟ್ಟಿನ ಅಂತರವು ತುಂಬದು. ಉಳಿದ ಹೊಂದಾಣಿಕೆಯು ಅಕ್ಷಿಪಟಲದಲ್ಲಿನ ರಾಸಾಯನಿಕ ಪರಿವರ್ತನೆಯಿಂದ ಆಗಬೇಕಾಗಿದ್ದು, ಅದಕ್ಕೆ ನಿಮಿಷಗಳ ಕಾಲ ಬೇಕು. ಗಾಢಾಂಧಕಾರಕ್ಕೆ ಪೂರ್ಣವಾಗಿ ಒಗ್ಗಬೇಕಾದರೆ ಅರ್ಧ ಗಂಟೆಯೇ ಹಿಡಿಯುವುದುಂಟು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನವಾದರೋ ಒಂದು ಸೆಕೆಂಡಿಗೆ 22 ಮೀಟರುಗಳನ್ನು ಕ್ರಮಿಸಿಬಿಟ್ಟಿರುತ್ತದೆ.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಂಗತಿಯುಂಟು. ಚಾಲಕನು ಇನ್ನೂ ಹೊರಗಿರುವಾಗಲೇ, ಸುರಂಗದ ಬಾಯಿಯ ಒಳಗೆ ಯಾವುದಾದರೊಂದು ವಾಹನವೋ ದನವೋ ಕಲ್ಲೋ ಅಡ್ಡವಾಗಿದ್ದರೆ ಅದು ಅವನಿಗೆ ಗೋಚರಿಸಲೇಬೇಕು. ಇಲ್ಲದಿದ್ದಲ್ಲಿ ಅವನು ವಾಹನವನ್ನು ಸಕಾಲದಲ್ಲಿ ನಿಲ್ಲಿಸಲಾರನು. ಆದರೆ ಬಾಯಿಯ ಸುತ್ತಲಿನ ಆಕಾಶ, ಬರಿಯ ಬಂಡೆ, ಸುಣ್ಣದಂತೆ ಬಿಳುಪಾದ ಕಾಂಕ್ರೀಟ್ ತಡೆಗೋಡೆ ಇವುಗಳಿಂದ ಚಿಮ್ಮುವ ಪ್ರಭೆಯು ಅವನ ಕಣ್ಣಿನ ಒಳಗೂ ವಾಹನದ ಮುಂಗಾಜಿನ ಧೂಳಿನ ಮೇಲೂ ಚದುರಿ ಬೆಳಕಿನ ಮುಸುಕೊಂದನ್ನು ಹಾಸುವುದರಿಂದ, ಒಳಗಿರುವುದೆಲ್ಲವೂ ಒಂದೇ ಕರಿಯ ರಂಧ್ರವಾಗಿ ಕಾಣುತ್ತದೆ. ಈ ದೋಷವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಹಾಲೆಂಡಿನ ಡುಕೊ ಶ್ರೂಡರ್ ಅಗ್ರಗಣ್ಯರು. ವಾಹನ ಸುರಂಗಗಳ ದೀಪವ್ಯವಸ್ಥೆಯನ್ನು ಕುರಿತ ಅವರ ಪ್ರಬಂಧವು 1964ರಲ್ಲಿ ಹೊರಬಂದಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ರೈಲುಮಾರ್ಗದ 57 ಸುರಂಗಗಳಿಗೆ ಈ ಚಿಂತೆಯಿಲ್ಲದಿರುವುದೇಕೆಂದರೆ, ರೈಲು ಹಳಿಯ ಮೇಲೆಯೇ ಸಾಗತಕ್ಕದ್ದು. ದಾರಿ ತೆರವಾಗಿದೆಯೆಂಬುದನ್ನು ಅದರ ಚಾಲಕನಿಗೆ ಕಣ್ಣಿಗಿಂತ ಮೊದಲು ಸಿಗ್ನಲ್ಲು ತಿಳಿಸುತ್ತದೆ. ರಸ್ತೆಯ ಸಾರಥಿಗೆ ಕಣ್ಣೇ ಗತಿ.

ಆದಕಾರಣ ಸುರಂಗದ ದೀಪವ್ಯವಸ್ಥೆಯನ್ನು ಹಲವು ಖಂಡಗಳಾಗಿ ವಿಂಗಡಿಸಿರುತ್ತಾರೆ. ಪ್ರವೇಶದ್ವಾರದಿಂದ, ವಾಹನವು ನಿಲ್ಲಲು ಬೇಕಾಗುವಷ್ಟು ದೂರದವರೆಗೆ ಇರುವುದು ಹೊಸ್ತಿಲಿನ ಖಂಡ. ಇಲ್ಲಿ ಅತ್ಯಧಿಕವಾದ ಬೆಳಕು ಬೇಕು. ಅಲ್ಲಿಂದ ಮುಂದೆ, ಕಣ್ಣು ಒಗ್ಗಿಕೊಳ್ಳುವ ಗತಿಯನ್ನನುಸರಿಸಿ ಬೆಳಕನ್ನು ಕ್ರಮವಾಗಿ ಇಳಿಸುತ್ತ ಹೋಗುವ ಸಂಕ್ರಮಣದ ಖಂಡ; ಹತ್ತು ಸೆಕೆಂಡುಗಳ ಪ್ರಯಾಣದಲ್ಲಿ ಬೆಳಕನ್ನು ಮೊದಲಿನ ನೂರರಲ್ಲಿ ಮೂರು ಪಾಲಿಗೆ ಇಳಿಸಬಹುದೆಂದು ಅಂತಾರಾಷ್ಟ್ರೀಯ ಬೆಳಕಿನ ಆಯೋಗದ ಮಾರ್ಗದರ್ಶಿಯಲ್ಲಿನ ಸೂತ್ರದಿಂದ ಲೆಕ್ಕ ದೊರೆಯುತ್ತದೆ. ಅದರಾಚೆಯ ಒಳಖಂಡದಲ್ಲಿ ಪ್ರತಿ ಚದರ ಮೀಟರಿಗೆ ಮೂರರಿಂದ ಹತ್ತು ಕ್ಯಾಂಡೆಲದ ಪ್ರಭೆಯೇ ಸಾಕು. ರಾತ್ರಿಯಲ್ಲಿ ಒಂದು ಕ್ಯಾಂಡೆಲದಿಂದಲೂ ನಿರ್ವಾಹವಾಗುವುದುಂಟು. ಹೀಗೆ ಸುರಂಗವು ಎಷ್ಟೇ ದೀರ್ಘವಾಗಿರಲಿ, ಹಗಲಿನ ವಿದ್ಯುತ್ತನ್ನು ಹೇರಳವಾಗಿ ನುಂಗತಕ್ಕದ್ದು ಅದರ ಆದಿಯ ಕೆಲವು ನೂರು ಮೀಟರುಗಳೇ ಎಂಬುದು ಸ್ಪಷ್ಟ.

ಹೊಸ್ತಿಲಿನಲ್ಲಿ ಎಷ್ಟು ಬೆಳಕು ಬೇಕೆಂಬುದನ್ನು ನಿರ್ಣಯಿಸುವ ಕ್ರಮವು ಇನ್ನೂ ಸ್ವಾರಸ್ಯಕರವಾದುದು. ವಾಹನವನ್ನು ನಿಲ್ಲಿಸಲು ಬೇಕಾಗುವ ದೂರದಲ್ಲಿ ನಿಂತು ಸುರಂಗದ ಬಾಯಿಯನ್ನು ನೋಡುವವನ ಕಣ್ಣಿನಿಂದ 20 ಡಿಗ್ರಿಯ ಶಂಕುವೊಂದನ್ನು ಕಲ್ಪಿಸಿಕೊಂಡು, ಅದರೊಳಗೆ ಬೀಳುವ ಆಕಾಶ, ರಸ್ತೆ, ಬಂಡೆ, ಕಟ್ಟಡ, ಹಸುರು ಇವುಗಳ ಪ್ರಭೆಯ ಸರಾಸರಿಯನ್ನು ತೆಗೆಯುತ್ತಾರೆ. ಹೊಸ್ತಿಲಿನ ಬೆಳಕು ಈ ಸರಾಸರಿಯ ಒಂದು ನಿಶ್ಚಿತ ಅಂಶವಾಗಿರತಕ್ಕದ್ದು. ಆ ಆಯೋಗದ 1990ರ ಮಾರ್ಗದರ್ಶಿಯ ಪ್ರಕಾರ, ನಿಲುಗಡೆಯ ದೂರವು 100 ಮೀಟರಾದರೆ ಆ ಅಂಶವು ನೂರಕ್ಕೆ 6, 60 ಮೀಟರಾದರೆ 5, 160 ಮೀಟರಾದರೆ 10. ಅದೇ ಗ್ರಂಥದ ಕೋಷ್ಟಕದಲ್ಲಿ ಉತ್ತರ ಗೋಳಾರ್ಧದಲ್ಲಿ ದಕ್ಷಿಣಾಭಿಮುಖವಾಗಿ ಸಾಗುವವನಿಗೆ ಎದುರಾಗುವ ಆಕಾಶದ ಪ್ರಭೆಯನ್ನು ಚದರ ಮೀಟರಿಗೆ 16,000 ಕ್ಯಾಂಡೆಲವೆಂದೂ, ಪೂರ್ವ–ಪಶ್ಚಿಮವಾಗಿ ಸಾಗುವವನಿಗೆ 12,000ವೆಂದೂ, ಉತ್ತರಾಭಿಮುಖನಾದವನಿಗೆ 8,000ವೆಂದೂ ಎಣಿಸಿದ್ದಾರೆ. ಹುಲ್ಲುಗಾವಲಿನ ಹಸುರಿಗಾದರೋ ಯಾವ ದಿಕ್ಕಿನಲ್ಲಿಯೂ 2,000 ಮಾತ್ರ. ಸೂರ್ಯನು ವರ್ಷಕ್ಕೆರಡು ಬಾರಿ ನೆತ್ತಿಯ ಮೇಲೆಯೇ ಹಾದುಹೋಗುವ ನಮ್ಮ 12 ಡಿಗ್ರಿ ಅಕ್ಷಾಂಶದ ಪ್ರದೇಶಕ್ಕೆ ಈ ಅಂಕಿಗಳನ್ನು ಸ್ಥೂಲವಾಗಿ ಮಾತ್ರ ಗ್ರಹಿಸತಕ್ಕದ್ದಾದರೂ, ಆಕಾಶವು ಹಸುರಿಗಿಂತ ಹಲವು ಮಡಿ ಪ್ರಖರವೆಂಬ ಮೂಲತತ್ತ್ವವು ಎಲ್ಲಿಯೂ ಬದಲಾಗದು.

ಈ ತತ್ತ್ವದಿಂದ ದೊರೆಯುವ ಲಾಭವನ್ನು ಒಂದು ಸರಳವಾದ ಲೆಕ್ಕದಿಂದ ಮನಗಾಣಬಹುದು. ಪೂರ್ವ–ಪಶ್ಚಿಮವಾದ ಸುರಂಗವೊಂದರ ಮುಂದಿನ ಸರಾಸರಿ ಪ್ರಭೆಯು 4,000 ಕ್ಯಾಂಡೆಲವಿದ್ದು, ನಿಲುಗಡೆಯ ದೂರವು 100 ಮೀಟರೆಂದು ಭಾವಿಸೋಣ. ಆಗ ಹೊಸ್ತಿಲಿಗೆ ಬೇಕಾದುದು 240 ಕ್ಯಾಂಡೆಲ. ಆ ದೃಷ್ಟಿಶಂಕುವಿನ ನೂರರಲ್ಲಿ 15 ಪಾಲು ಆಕಾಶವಾಗಿದ್ದು, ಅದನ್ನು ಮರಗಳ ಕೊಂಬೆರೆಂಬೆಗಳು ಪೂರ್ಣವಾಗಿ ಮರೆಮಾಡಿದುವೆಂದರೆ, 12,000ದ ಸ್ಥಾನದಲ್ಲಿ 2,000 ಬಂದು ಕುಳಿತು, ಸರಾಸರಿಯು 2,500ಕ್ಕೆ ಇಳಿಯುತ್ತದೆ. ಹೊಸ್ತಿಲಿನ ಬೇಡಿಕೆಯು 150 ಆಗುತ್ತದೆ. ಒಂದೇ ಒಂದು ದೀಪವನ್ನು ಬದಲಾಯಿಸದೆ, ಯಾವ ನೂತನ ಯಂತ್ರವನ್ನೂ ತಾರದೆ, ಬೇಡಿಕೆಯ ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚು ಹೊರಗಿನ ಹಸುರಿನಿಂದಲೇ ಉಳಿಯಿತು. ಇದರ ಮೇಲೆ ವೇಗವನ್ನು ಮಿತಗೊಳಿಸಿ ನಿಲುಗಡೆಯ ದೂರವನ್ನು 60 ಮೀಟರಿಗೆ ತಂದರೆ, ಪ್ರಭೆಯು 125ಕ್ಕೆ ಇಳಿಯುವುದಲ್ಲದೆ ಹೊಸ್ತಿಲಿನ ಉದ್ದವೂ ಕುಗ್ಗುವುದರಿಂದ, ಪ್ರಭೆಯನ್ನು ಉದ್ದದಿಂದ ಗುಣಿಸಿದ ಮೊತ್ತವು ಮೊದಲಿನ 24,000ದಿಂದ 7,500ಕ್ಕೆ, ಎಂದರೆ ಮೂರನೆಯ ಒಂದು ಪಾಲಿಗೂ ಕೆಳಗೆ ಬಂದುಬಿಡುತ್ತದೆ. ಘಾಟಿಯ ತಿರುವುಗಳನ್ನು ಹತ್ತಿಳಿದು ಬರುವ ವಾಹನಗಳಿಗೆ ಸುರಂಗದ ಬಾಯಿಯಲ್ಲಿ ವೇಗಮಿತಿಯನ್ನು ವಿಧಿಸುವುದು ಅಪಘಾತಕ್ಕೆ ಪರಿಹಾರವಾಗುವಂತೆ ವಿದ್ಯುತ್ತಿನ ಉಳಿತಾಯಕ್ಕೂ ಸಾಧನವಾಗುತ್ತದೆಂಬುದು ಬಹುಮಂದಿಗೆ ತಿಳಿಯದ ಸಂಗತಿ.

ಹೊರಗಿನ ಬೆಳಕನ್ನು ಪಳಗಿಸಬೇಕೆಂಬ ಪ್ರಯತ್ನವು ಹೊಸದೇನೂ ಅಲ್ಲ. ಹಾಲೆಂಡಿನಲ್ಲಿ 1957ರಲ್ಲಿ ತೆರೆದ ವೆಲ್ಸನ್ ಸುರಂಗದ ಎರಡು ಬಾಯಿಗಳ ಮುಂದೆ, ಬಿಸಿಲು ನೇರವಾಗಿ ರಸ್ತೆಗೆ ಬೀಳದಂತೆ ತಡೆದು ಹಗಲಿನ ಬೆಳಕನ್ನೇ ಮಿತವಾಗಿ ಒಳಬಿಡುವ ಕಾಂಕ್ರೀಟಿನ ಜಾಲಂದ್ರಗಳ ಚಪ್ಪರವನ್ನು ನಿರ್ಮಿಸಿದ್ದರು. ಸ್ಪೇನ್ ದೇಶದ ಗ್ರನಾಡಾ ವಿಶ್ವವಿದ್ಯಾಲಯದಲ್ಲಿ ಅಂಟೋನಿಯೊ ಪೆನ್ಯಾ–ಗಾರ್ಸಿಯಾ ಮತ್ತು ಅವರ ಸಹೋದ್ಯೋಗಿಗಳು ಬಿಗಿದ ಬಟ್ಟೆಯ ಮೇಲ್ಕಟ್ಟನ್ನು ದ್ವಾರದ ಮುಂದೆ ಎತ್ತಿ ಹಗಲುಬೆಳಕನ್ನು ಸೋಸುವ ಮಾರ್ಗವನ್ನು 2011ರಲ್ಲಿಯೂ, ದ್ವಾರದ ಸುತ್ತಲಿನ ಗೋಡೆ ಬಂಡೆಗಳಿಗೆ ಬಳ್ಳಿಗಳನ್ನು ಹಬ್ಬಿಸಿ ಹೊರಗಿನ ಪ್ರಭೆಯನ್ನು ಇಳಿಸುವ ಮಾರ್ಗವನ್ನು 2015ರಲ್ಲಿಯೂ ಪ್ರತಿಪಾದಿಸಿದರು. ಜಾಲಂದ್ರಗಳಿಗೂ ಮೇಲ್ಕಟ್ಟಿಗೂ ಅವುಗಳವೇ ಆದ ತೊಡಕುಗಳುಂಟು: ಪಟ್ಟೆಪಟ್ಟೆಯಾಗಿ ಬೀಳುವ ನೆರಳುಬೆಳಕು ವೇಗವಾಗಿ ಸಾಗುವ ಕಣ್ಣಿಗೆ ಮಿನುಗಿ ಬಾಧಿಸುತ್ತದೆ, ಧೂಳು ಕುಳಿತರೆ ಸೋಸುವ ಬೆಳಕಿನ ಪ್ರಮಾಣವೇ ಕೆಡುತ್ತದೆ. ಬಳ್ಳಿಯ ಮಾರ್ಗದಲ್ಲಿ ಆ ತೊಡಕಿಲ್ಲ. ಏಕೆಂದರೆ ಅದು ಬೆಳಕನ್ನು ಒಳಗೆ ಬಿಡುವ ಕೆಲಸಕ್ಕೆ ಕೈಹಾಕದೆ, ಕಣ್ಣನ್ನು ಕುಕ್ಕುವ ಬಿಳುಪನ್ನು ಮುಚ್ಚಿಬಿಡುತ್ತದೆ, ಅಷ್ಟೆ.

ಕೊಡಗಿನ ಅನುಭವವು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಇಲ್ಲಿಯ ಕಾಫಿಯು ಬಯಲಿನ ಬೆಳೆಯಲ್ಲ. ಹಲಸು, ಅತ್ತಿ, ನೇರಳೆ, ನಂದಿ, ಬೀಟೆ, ಹಾಲುವಾಣ, ಸಿಲ್ವರ್ ಓಕ್ ಮೊದಲಾದ ಮರಗಳ ಕೆಳಗೆ, ಅವುಗಳ ಕಾಂಡವನ್ನು ತಬ್ಬಿದ ಕಾಳುಮೆಣಸಿನ ಬಳ್ಳಿಯೊಡನೆ ಬೆಳೆಯತಕ್ಕದ್ದು. ಬೇಸಿಗೆಯಲ್ಲಿ ನೆರಳು ದಟ್ಟವಾಗಿರಬೇಕು, ಮುಂಗಾರು ಕವಿದಾಗ ಬೆಳಕಿಗೆ ಎಡೆಯಿರಬೇಕು ಎಂಬುದನ್ನು ಬಲ್ಲ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಮರಕಪಾತು ಮಾಡಿಸಿ ಕೊಂಬೆಗಳನ್ನು ಇಳಿಸುತ್ತಾರೆ. ಸುರಂಗದ ಬಾಯಿಗೆ ಬೇಕಾದ ಕಾಲಕ್ರಮವೂ ಇದೇ ಆಗಿರುವುದನ್ನು ಗಮನಿಸತಕ್ಕದ್ದು. ಬಿಸಿಲಿನ ತಿಂಗಳುಗಳಲ್ಲಿ ಪ್ರಭೆಯನ್ನು ತಗ್ಗಿಸಲು ಮರದ ಛಾಯೆಯು ಅತ್ಯವಶ್ಯಕ. ಮಡಿಕೇರಿಯಂತಹ ಊರಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ದಿನಗಳಲ್ಲಿ ಆಕಾಶವು ತಾನೇ ಮಂಕಾಗುವುದರಿಂದ ನೆರಳಿನ ಅಗತ್ಯವು ಕುಗ್ಗುತ್ತದೆ, ಗಾಳಿಗೆ ಮುರಿದು ರಸ್ತೆಗೆ ಬೀಳಬಹುದಾದ ಕೊಂಬೆಗಳನ್ನು ಆ ಹೊತ್ತಿಗೆ ಮೊದಲೇ ಇಳಿಸುವುದೂ ಕ್ಷೇಮಕರವಾಗುತ್ತದೆ. ಮರದ ಆಯ್ಕೆಯಲ್ಲಿಯೂ ತೋಟದ ವಿವೇಕವೇ ದಾರಿ ತೋರುತ್ತದೆ: ಬಿಸಿಲು ಏರುವ ಕಾಲಕ್ಕೆ ಎಲೆಯುದುರಿಸಿ ಹೂಬಿಡುವ ಹಾಲುವಾಣವು ಈ ಕೆಲಸಕ್ಕೆ ಒದಗದು, ನಿತ್ಯಹರಿತವಾದ ಹಲಸು ನೇರಳೆಗಳು ಒದಗುತ್ತವೆ.

ಇದಕ್ಕೆ ಒಡ್ಡಬಹುದಾದ ಆಕ್ಷೇಪಣೆಗಳು ಇಲ್ಲದಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯು ಕಡಿದುಹೋದುದನ್ನೂ, 2024ರ ಜುಲೈ 30ರಂದು ಮೇಪ್ಪಾಡಿಯ ಬಳಿಯ ಮುಂಡಕೈ–ಚೂರಲ್ಮಲೆಗಳು ಮಣ್ಣುಪಾಲಾದುದನ್ನೂ ಕಂಡ ಜನರು, ಕಡಿದಾದ ಇಳಿಜಾರಿನಲ್ಲಿ ಭಾರವಾದ ಮರಗಳನ್ನು ಬೆಳೆಸುವುದು ಯುಕ್ತವೇ ಎಂದು ಕೇಳಿದರೆ ಅದು ಸಹಜವಾದ ಪ್ರಶ್ನೆ. ದ್ವಾರದ ನೆತ್ತಿಯ ಮೇಲೆ, ಮಣ್ಣು ತೆಳುವಾಗಿರುವಲ್ಲಿ, ಎತ್ತರದ ಮರಕ್ಕಿಂತ ಪೊದೆಗಳೂ ಬಳ್ಳಿಗಳೂ ಲೇಸು. ಎತ್ತರದ ಮರಗಳನ್ನು ರಸ್ತೆಯ ಇಕ್ಕೆಲಗಳ ಸ್ಥಿರವಾದ ನೆಲದಲ್ಲಿ, ಕೊಂಬೆಗಳು ಆಕಾಶವನ್ನು ಮರೆಮಾಡುವಂತೆ ನಿಲ್ಲಿಸಬೇಕು. ಉದುರಿದ ಎಲೆಗಳು ಚರಂಡಿಯನ್ನು ಕಟ್ಟದಂತೆ ಕಾಲಕಾಲಕ್ಕೆ ತೆಗೆಯಿಸಬೇಕು. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಯೋಜಿತವಾಗಿರುವಂತಹ ನಗರಸುರಂಗದ ಬಾಯಿಗಳಲ್ಲಿ ಇಷ್ಟು ನೆಲ ದೊರೆಯುವುದು ದುಸ್ತರವಾದುದರಿಂದ ಅಲ್ಲಿ ಗಾಢವರ್ಣದ ಗೋಡೆಗಳನ್ನೂ ಚಪ್ಪರಗಳನ್ನೂ ಆಶ್ರಯಿಸಬೇಕಾದೀತು. ಘಟ್ಟದ ಸುರಂಗಕ್ಕೆ ಆ ದಾರಿದ್ರ್ಯವಿಲ್ಲ.

ಸುರಂಗದ ಒಳಗೆ ಮಾಡತಕ್ಕ ಕಾರ್ಯವು ಹೊರಗಿನದಕ್ಕೆ ನೇರವಾಗಿ ವಿರುದ್ಧವಾದುದು. ಹೊರಗೆ ಎಲ್ಲವೂ ಕಪ್ಪಾಗಿರಬೇಕು, ಒಳಗೆ ಎಲ್ಲವೂ ಬೆಳ್ಳಗಿರಬೇಕು. ದ್ವಾರದ ಮುಂದಿನ ರಸ್ತೆಗೆ ಕರಿಯ ಡಾಂಬರು ಮೇಲು. ಒಳಗಿನ ರಸ್ತೆಗೆ ತಿಳಿಬಣ್ಣದ ಕಾಂಕ್ರೀಟು ಮೇಲು, ಏಕೆಂದರೆ ಅಷ್ಟೇ ದೀಪದಿಂದ ಅದು ಹೆಚ್ಚಿನ ಪ್ರಭೆಯನ್ನು ಕಣ್ಣಿಗೆ ಮರಳಿಸುತ್ತದೆ. ಗೋಡೆಗಳ ಕೆಳಭಾಗಕ್ಕೆ ತಿಳಿಯಾದ ಬಣ್ಣವನ್ನು ಬಳಿದು, ವಾಹನಗಳ ಹೊಗೆಯ ಮಸಿಯನ್ನೂ ಮಳೆಗಾಲದಲ್ಲಿ ಒಸರುವ ನೀರಿನ ಪಾಚಿಯನ್ನೂ ಕ್ರಮವಾಗಿ ತೊಳೆಯಿಸಿದರೆ, ದೀಪದ ಸಂಖ್ಯೆಯನ್ನು ಹೆಚ್ಚಿಸದೆಯೇ ಬೆಳಕನ್ನು ಕಾಯ್ದುಕೊಳ್ಳಬಹುದು. ತೊಳೆಯುವ ಕೆಲಸವನ್ನು ನಿರ್ಲಕ್ಷಿಸುವ ಊರಿನಲ್ಲಿ, ಮುಂದೆ ಕೊಳೆಯಾಗುವುದೆಂಬ ನಿರೀಕ್ಷೆಯಿಂದಲೇ ಎಂಜಿನಿಯರು ಮೊದಲ ದಿನದಿಂದಲೂ ಅಧಿಕವಾದ ದೀಪಗಳನ್ನು ತೂಗುಹಾಕಬೇಕಾಗುತ್ತದೆ. ದೀಪದ ಮುಖವನ್ನು ಬರುತ್ತಿರುವ ವಾಹನಗಳಿಗೆ ಎದುರಾಗಿ ಓರೆಯಾಗಿಸಿದರೆ, ರಸ್ತೆಯು ಬೆಳಗಿ ಅದರ ಮೇಲಿನ ಅಡಚಣೆಯು ಕರಿಯ ಆಕೃತಿಯಾಗಿ ಎದ್ದುಕಾಣುವುದರಿಂದ ಕಡಿಮೆ ಬೆಳಕಿನಲ್ಲಿಯೇ ಕಾರ್ಯಸಿದ್ಧಿಯಾಗುತ್ತದೆ; 100 ಮೀಟರ್ ನಿಲುಗಡೆಯ ದೂರಕ್ಕೆ ನೂರಕ್ಕೆ 6ರ ಬದಲು 5ರ ಅಂಶವೇ ಸಾಕೆಂದು ಮೇಲೆ ಹೇಳಿದ ಮಾರ್ಗದರ್ಶಿಯು ಒಪ್ಪಿತ್ತು.

ಇನ್ನು ದೀಪದ ಜಾತಿಯ ವಿಷಯ. ಹಿಂದಿನ ಸೋಡಿಯಂ ದೀಪಗಳನ್ನು ಹಂತಹಂತವಾಗಿ ಹೊತ್ತಿಸಿ ಆರಿಸಬಹುದಾಗಿತ್ತೇ ಹೊರತು ಬೇಕೆಂದಾಗ ಬೇಕಾದಷ್ಟೇ ಮಂದಗೊಳಿಸುವ ಸೌಲಭ್ಯವು ಸುಲಭವಾಗಿರಲಿಲ್ಲ. ಒಮ್ಮೆ ಆರಿದ ದೀಪವು ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷಗಳನ್ನು ತೆಗೆದುಕೊಳ್ಳುತ್ತಿತ್ತು. ಎಲ್‌ಇಡಿ ದೀಪವಾದರೋ ಕ್ಷಣಮಾತ್ರದಲ್ಲಿ ನೂರರಿಂದ ಹತ್ತಕ್ಕೆ ಇಳಿದು ಮತ್ತೆ ನೂರಕ್ಕೆ ಏರಬಲ್ಲುದು. ದ್ವಾರದ ಹೊರಗೆ ಪ್ರಭಾಮಾಪಕವೊಂದನ್ನು ನಿಲ್ಲಿಸಿ, ಆಕಾಶದ ಸ್ಥಿತಿಗೆ ಅನುಗುಣವಾಗಿ ಒಳಗಿನ ಬೆಳಕು ತಾನೇ ಏರಿಳಿಯುವಂತೆ ಏರ್ಪಡಿಸಿದರೆ ಮಲೆನಾಡಿನಲ್ಲಿ ಆಗುವ ಉಳಿತಾಯವು ಬಯಲುಸೀಮೆಗಿಂತಲೂ ಅಧಿಕವಾಗಿರತಕ್ಕದ್ದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಗಿಲು ಮುಸುಕಿದ ಹಗಲುಗಳಲ್ಲಿ, ಮಂಜು ಕವಿದ ಮುಂಜಾವುಗಳಲ್ಲಿ, ಮಾಪಕವಿಲ್ಲದ ಸುರಂಗವು ಗಡಿಯಾರವನ್ನಷ್ಟೇ ನಂಬಿ ಬೇಸಿಗೆಯ ಮಧ್ಯಾಹ್ನಕ್ಕೆ ತಕ್ಕ ದೀಪಗಳನ್ನು ಉರಿಸುತ್ತಲೇ ಇರುತ್ತದೆ. ಆದರೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು: ಎಲ್‌ಇಡಿ ಬಂದಿತೆಂಬ ತೃಪ್ತಿಯಿಂದ ಹೊರಗಿನ ಪ್ರಭೆಯನ್ನು ಮರೆಯುವುದು, ಸೋರುವ ಕೊಡಕ್ಕೆ ಸಣ್ಣ ಚೊಂಬಿನಿಂದ ನೀರು ಹೊಯ್ದು ಮಿತವ್ಯಯಿಗಳೆನಿಸಿಕೊಂಡಂತೆ. ದೀಪದ ದಕ್ಷತೆಯು ಬೇಡಿಕೆಯನ್ನು ಪೂರೈಸುವ ಖರ್ಚನ್ನು ಇಳಿಸೀತು. ಬೇಡಿಕೆಯನ್ನೇ ಇಳಿಸತಕ್ಕ ಸಾಮರ್ಥ್ಯವು ದ್ವಾರದ ಹೊರಗಿನ ಏರ್ಪಾಡಿಗೆ ಮಾತ್ರ ಇದೆ.

ವಿದ್ಯುತ್ತನ್ನು ಉಳಿಸಬೇಕೆಂಬ ಮಾತಿಗೆ ಕೊಡಗಿನಲ್ಲಿ ಒಂದು ವಿಶೇಷವಾದ ಅರ್ಥವುಂಟು. ಮೈಸೂರಿನಿಂದ ಕೋಳಿಕ್ಕೋಡಿಗೆ 400 ಕಿಲೋವೋಲ್ಟಿನ ಪ್ರಸರಣಮಾರ್ಗವನ್ನು ಎಳೆಯುವ ಕಾಲದಲ್ಲಿ, ಜಿಲ್ಲೆಯ ದಕ್ಷಿಣಭಾಗದ ತೋಟಗಳಲ್ಲಿಯೂ ಕಾಡಿನಲ್ಲಿಯೂ ಸಾವಿರಾರು ಮರಗಳು ಉರುಳಿದುವು. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯೇ ಮೊದಲಾದ ಸಂಸ್ಥೆಗಳ ವಿರೋಧದ ನಡುವೆಯೂ ಆ ತಂತಿಗಳು ಹಾದುಹೋದುವು. ಎಲ್ಲಿಯೋ ಉರಿಯುವ ದೀಪದ ವೆಚ್ಚವು ಮತ್ತೆಲ್ಲಿಯೋ ನಿಂತ ಮರದ ಲೆಕ್ಕದಲ್ಲಿ ಬರೆಯಲ್ಪಡುತ್ತದೆಂಬುದನ್ನು ಇಲ್ಲಿಯ ಜನರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಇದೇ ಲೆಕ್ಕವನ್ನು ಹಿಂದುಮುಂದಾಗಿ ಓದುವುದಕ್ಕೆ ಸುರಂಗದ ಬಾಯಿಯು ಒಂದು ಅಪೂರ್ವವಾದ ಸ್ಥಳ. ಅಲ್ಲಿ ಮರವು ನಿಂತಿರುವುದರಿಂದಲೇ ವಿದ್ಯುತ್ತು ಉಳಿಯುತ್ತದೆ, ಅದು ಹಗಲಿನ ಬೇಡಿಕೆಯು ಏರಿರುವ ಹೊತ್ತಿನಲ್ಲಿಯೇ ಉಳಿಯುತ್ತದೆ.

ಆದರೂ ಕಾಮಗಾರಿಯ ವಾಸ್ತವವು ಬೇರೆಯಾಗಿರುತ್ತದೆ. ಸುರಂಗವನ್ನು ಕೊರೆಯಲಾರಂಭಿಸುವ ಮುನ್ನ ಯಂತ್ರಗಳಿಗೂ ಮಣ್ಣಿನ ರಾಶಿಗೂ ಎಡೆಮಾಡಿಕೊಡಲೆಂದು ದ್ವಾರದ ಸುತ್ತಲಿನ ಹಸುರನ್ನೆಲ್ಲ ಬೋಳಿಸಿ, ಗುಡ್ಡವನ್ನು ಕಡಿದು, ಅದಕ್ಕೆ ಬೂದುಬಿಳುಪಿನ ಸಿಮೆಂಟನ್ನು ಬಳಿದು, ವರ್ಷಗಳ ತರುವಾಯ ಉದ್ಘಾಟನೆಯ ಕಾಲಕ್ಕೆ ಅಂದಕ್ಕಾಗಿ ಹೂಗಿಡಗಳನ್ನು ನೆಡುವುದು ವಾಡಿಕೆ. ಹೀಗೆ ಕಣ್ಣಿನ ಮುಂದಿನ ಪ್ರಭೆಯನ್ನು ಮೊದಲು ಕೈಯಾರೆ ಹೆಚ್ಚಿಸಿ, ಆಮೇಲೆ ಅದಕ್ಕೆ ಸರಿದೂಗುವಂತೆ ದೀಪಗಳನ್ನು ಕೊಂಡು, ಅವುಗಳ ವಿದ್ಯುತ್ ಬಿಲ್ಲನ್ನು ಸುರಂಗವಿರುವವರೆಗೂ ತೆರುವುದಾಗುತ್ತದೆ. ಹೊಸದಾಗಿ ನೆಟ್ಟ ಹಲಸಿನ ಸಸಿಯು ಆಕಾಶವನ್ನು ಮರೆಮಾಡುವಷ್ಟು ಬೆಳೆಯಲು ಒಂದೆರಡು ದಶಕಗಳೇ ಬೇಕಾಗುವುದರಿಂದ, ಈಗಾಗಲೇ ನಿಂತಿರುವ ಮರವೇ ಅತ್ಯಂತ ಬೆಲೆಯುಳ್ಳದ್ದು. ರಸ್ತೆಯ ಅಗಲೀಕರಣಕ್ಕೆ ಮುಂಚೆ ಕಡಿಯತಕ್ಕ ಮರಗಳ ತೊಗಟೆಯ ಮೇಲೆ ಅರಣ್ಯ ಇಲಾಖೆಯವರು ಸಂಖ್ಯೆಯನ್ನು ಬರೆಯುವ ಪದ್ಧತಿಯಿದೆ. ಶಿರಾಡಿಯಲ್ಲಾಗಲಿ, ಘಟ್ಟದ ಮತ್ತಾವ ಕಡೆಯಲ್ಲಾಗಲಿ, ದ್ವಾರದ ಸ್ಥಳವು ನಿಶ್ಚಯವಾದೊಡನೆ ದೀಪವ್ಯವಸ್ಥೆಯ ಎಂಜಿನಿಯರನೂ ಅರಣ್ಯಾಧಿಕಾರಿಯೂ ಜೊತೆಗೂಡಿ ನಿಲುಗಡೆಯ ದೂರದಲ್ಲಿ ನಿಂತು, 20 ಡಿಗ್ರಿಯ ಆ ಶಂಕುವಿನೊಳಗೆ ಬೀಳುವ ಮರಗಳನ್ನು ಗುರುತಿಸಿ, ಅವುಗಳಿಗೆ ಉಳಿಸತಕ್ಕ ಮರಗಳೆಂಬ ಸಂಖ್ಯೆಯನ್ನು ಹಾಕಿಸಿ, ಆ ಪಟ್ಟಿಯನ್ನು ದೀಪಗಳ ಟೆಂಡರಿನ ಕಾಗದಪತ್ರಗಳಲ್ಲಿಯೇ ಅಡಕಗೊಳಿಸಬೇಕು. ದೀಪಗಳ ಸಂಖ್ಯೆಯನ್ನು ನಿರ್ಣಯಿಸಬೇಕಾದುದು ಆ ಪಟ್ಟಿಯು ಸಿದ್ಧವಾದ ಮೇಲೆಯೇ ಹೊರತು ಅದಕ್ಕೆ ಮುಂಚೆಯಲ್ಲ.